ಮಂಡಿ ಲೆಕ್ಕದ ಪರ್ಲ್ ಕೋಡ್: ಸಂಬಂಧಿತ ದಾಖಲೆ ಒಮ್ಮೆ ತಂದು ಇಟ್ಟುಕೊಳ್ಳುವುದು, ಅದರಲ್ಲೇ ಹುಡುಕುವುದು

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಮಂಡಿಗೆ ಮೆಕ್ಕೆಜೋಳದ ಸೀಜನ್ನಿನಲ್ಲಿ ದಿನಕ್ಕೆ 200 ಲಾಟ್ ಬರುತ್ತವೆ ಎಂದಿಟ್ಟುಕೊಳ್ಳಿ. ಲಾಟ್‌ಗೆ ಒಬ್ಬ ರೈತ, ಸರಾಸರಿ 6 ಟೆಂಡರ್ ದರ, ಒಂದೊಂದು ದರದ ಹಿಂದೆ ಒಬ್ಬ ಖರೀದಿದಾರ. ಸಂಜೆ ಇಡೀ ದಿನದ ಪಟ್ಟಿ ತೆಗೆಯುವ ಸ್ಕ್ರಿಪ್ಟ್ ಪರ್ಲ್‌ನಲ್ಲಿದೆ, ಡೇಟಾಬೇಸ್ ಜೊತೆ ಮಾತಾಡುವುದು ಡಿಬಿಐಎಕ್ಸ್ ಕ್ಲಾಸ್. ಬಳಸುವವರ ಬಾಯಲ್ಲಿ ಅದು ಡಿಬಿಐಸಿ. ಕೋಡ್ ನೋಡಲು ಚೊಕ್ಕಟವಾಗಿಯೇ ಇರುತ್ತದೆ: ಲಾಟ್ ಮೇಲೆ ಒಂದು ಲೂಪ್, ಒಳಗೆ ಲಾಟ್‌ನ ರೈತ, ಲಾಟ್‌ನ ಟೆಂಡರ್‌ಗಳು, ಟೆಂಡರ್‌ನ ಖರೀದಿದಾರ. ಆದರೆ ಡೇಟಾಬೇಸ್‌ಗೆ ಹೋಗುವ ಕ್ವೆರಿ (ಅದಕ್ಕೆ ಕೇಳುವ ಪ್ರಶ್ನೆ) ಲೆಕ್ಕ ಹಾಕಿ. ಲಾಟ್‌ಗಳಿಗೆ 1, ರೈತರಿಗೆ 200, ಟೆಂಡರ್‌ಗಳಿಗೆ 200, ಖರೀದಿದಾರರಿಗೆ 1,200. ಒಟ್ಟು 1,601. ಒಬ್ಬನೇ ಖರೀದಿದಾರ 50 ಲಾಟ್‌ಗೆ ದರ ಹಾಕಿದ್ದರೆ ಅವನ ಹೆಸರನ್ನು 50 ಸಲವೂ ಕೇಳಲಾಗುತ್ತದೆ. ಈಗಾಗಲೇ ತಂದ ವ್ಯಕ್ತಿ ಇವನೇ ಎಂದು ಗುರುತು ಹಿಡಿದು ಮರುಬಳಸುವ ವ್ಯವಸ್ಥೆ ಡಿಬಿಐಸಿಯಲ್ಲಿ ಇಲ್ಲ.

ಮೊದಲು ಕ್ವೆರಿಗಳನ್ನು ಕಣ್ಣಾರೆ ನೋಡಿ

ಕೋಡ್ ತಿದ್ದುವ ಮೊದಲು ಪರಿಸರ ವೇರಿಯಬಲ್ 'ಡಿಬಿಐಸಿ ಟ್ರೇಸ್' ಅನ್ನು 1 ಮಾಡಿ ಸ್ಕ್ರಿಪ್ಟ್ ಓಡಿಸಿ. ಕಳುಹಿಸಿದ ಪ್ರತಿ ಎಸ್‌ಕ್ಯುಎಲ್ ಸಾಲೂ ದೋಷ ಔಟ್‌ಪುಟ್‌ನಲ್ಲಿ ಅಚ್ಚಾಗುತ್ತದೆ. 1ರ ಮುಂದೆ ಸಮಚಿಹ್ನೆ ಹಾಕಿ ಕಡತದ ಹಾದಿ ಕೊಟ್ಟರೆ ಆ ಕಡತಕ್ಕೇ ಹೋಗುತ್ತದೆ. ಸಾಲುಗಳು ಉದ್ದವಾಗಿ ಕಣ್ಣಿಗೆ ಕಷ್ಟವಾದರೆ 'ಡಿಬಿಐಸಿ ಟ್ರೇಸ್ ಪ್ರೊಫೈಲ್' ಅನ್ನು ಕನ್ಸೋಲ್ ಎಂದಿಟ್ಟರೆ ಬಿಡಿಸಿ ತೋರಿಸುತ್ತದೆ. ರೋಗದ ಲಕ್ಷಣ ಇದು: ಒಂದೇ ಸೆಲೆಕ್ಟ್ ಸಾಲು ಅಕ್ಷರವೂ ಬದಲಾಗದೆ ಮತ್ತೆ ಮತ್ತೆ ಬರುತ್ತದೆ. ಕೊನೆಯ ಬೈಂಡ್ ಸಂಖ್ಯೆ (ಆ ಸಾಲಿಗೆ ತುಂಬುವ ಮೌಲ್ಯ) ಮಾತ್ರ 101, 102, 103 ಎಂದು ಏರುತ್ತಾ ಹೋಗುತ್ತದೆ. ಮುಂದಿನ ಪ್ರತಿ ಹಂತದ ನಂತರವೂ ಈ ಟ್ರೇಸ್ ನೋಡಲೇಬೇಕು. ಕ್ಯಾಶ್, ಅಂದರೆ ಒಮ್ಮೆ ತಂದದ್ದನ್ನು ಮರುಬಳಕೆಗೆ ಇಟ್ಟುಕೊಳ್ಳುವ ಜಾಗ, ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಊಹೆಗೆ ಬಿಡಬಾರದು.

ಸಂಬಂಧ ಸರಿಯಾಗಿ ಘೋಷಿಸಿ

ಲಾಟ್ ಕ್ಲಾಸ್‌ನಲ್ಲಿ ರೈತನಿಗೆ 'ಬಿಲಾಂಗ್ಸ್ ಟು' (ಲಾಟ್ ಒಬ್ಬ ರೈತನಿಗೆ ಸೇರಿದ್ದು), ಟೆಂಡರ್‌ಗಳಿಗೆ 'ಹ್ಯಾಸ್ ಮೆನಿ' (ಒಂದು ಲಾಟ್‌ಗೆ ಹಲವು ಟೆಂಡರ್). ಡೇಟಾಬೇಸ್ ಮೊದಲೇ ಇದ್ದರೆ ಸ್ಕೀಮಾ ಲೋಡರ್ ಜೊತೆ ಬರುವ 'ಡಿಬಿಐಸಿಡಂಪ್' ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ) ನೋಡಿ ಕ್ಲಾಸ್‌ಗಳನ್ನು ತಾನೇ ಬರೆದುಕೊಡುತ್ತದೆ. ಫಾರಿನ್ ಕೀ ಕಾಲಂಗೆ ಇಂಡೆಕ್ಸ್ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಮೈಎಸ್‌ಕ್ಯುಎಲ್‌ನ ಇನ್ನೊಡಿಬಿ ಅದನ್ನು ತಾನೇ ಹಾಕಿಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಹಾಕಿಕೊಳ್ಳುವುದಿಲ್ಲ. ಇಂಡೆಕ್ಸ್ ಇಲ್ಲದ ಟೆಂಡರ್ ಟೇಬಲ್ ದೊಡ್ಡದಾದ ಮೇಲೆ ಎಷ್ಟು ಕ್ಯಾಶ್ ಮಾಡಿದರೂ ಮೊದಲ ಕ್ವೆರಿಯೇ ಎಳೆಯುತ್ತದೆ.

ಜಿಲ್ಲೆಯ ಹೆಸರನ್ನು ರೈತನ ಸಾಲಿನೊಳಗೆ ಬರೆದಿಡಬೇಡಿ. ಅದಕ್ಕೆ ತಾಲ್ಲೂಕು ಟೇಬಲ್ ಬೇರೆ ಇರಲಿ. ನಮ್ಮ ಕಡೆ ಇದು ಬರೀ ಪುಸ್ತಕದ ನಿಯಮವಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, ಆಮೇಲೆ ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಗಳೂರು, ಹರಿಹರದ ಹಳೆಯ ಕಾಗದಗಳಲ್ಲಿ ಜಿಲ್ಲೆ ಚಿತ್ರದುರ್ಗ ಎಂದೇ ಇರುತ್ತದೆ. ತಾಲ್ಲೂಕು ಬೇರೆ ಸಾಲಾಗಿದ್ದರೆ ಬದಲಾವಣೆ ಒಂದೇ ಕಡೆ ಮುಗಿಯುತ್ತದೆ, ಲಾಟ್‌ನಿಂದ ರೈತ, ರೈತನಿಂದ ತಾಲ್ಲೂಕು ಎಂದು ಸರಪಳಿಯಾಗಿ ಹುಡುಕಲೂ ಬರುತ್ತದೆ.

ಜಾಯಿನ್ ಬೇರೆ, ಪ್ರಿಫೆಚ್ ಬೇರೆ

ಸರ್ಚ್‌ಗೆ ಎರಡು ಹ್ಯಾಶ್ (ಹೆಸರು-ಮೌಲ್ಯದ ಜೋಡಿಗಳ ಕಟ್ಟು) ಕೊಡುತ್ತೇವೆ: ಮೊದಲನೆಯದು ಷರತ್ತು, ಎರಡನೆಯದು ಗುಣಗಳು. ಗುಣಗಳಲ್ಲಿ 'ಜಾಯಿನ್' ಎಂದು ರೈತನನ್ನು ಸೇರಿಸಿದರೆ ರೈತನ ಕಾಲಂ ಮೇಲೆ ಷರತ್ತು ಹಾಕಬಹುದು, ಅಷ್ಟೆ. ರೈತನ ದಾಖಲೆ ಕೈಗೆ ಬರುವುದಿಲ್ಲ, ಲೂಪ್‌ನೊಳಗೆ ರೈತನನ್ನು ಕೇಳಿದಾಗ ಮತ್ತೆ ಕ್ವೆರಿ ಹೋಗುತ್ತದೆ. 'ಪ್ರಿಫೆಚ್' ಎಂದರೆ ಜಾಯಿನ್ ಮಾಡಿ, ಕಾಲಂಗಳನ್ನೂ ತಂದು, ವಸ್ತುಗಳಾಗಿ ಕಟ್ಟಿ, ಲಾಟ್‌ನ ಒಳಗೇ ಇಟ್ಟುಕೊಡುತ್ತದೆ. ಇಂದಿನ ಪಟ್ಟಿಗೆ ರೈತ, ಟೆಂಡರ್, ಟೆಂಡರ್‌ನೊಳಗಿನ ಖರೀದಿದಾರ ಮೂರನ್ನೂ ಪ್ರಿಫೆಚ್‌ಗೆ ಕೊಟ್ಟರೆ 1,601 ಇದ್ದದ್ದು 1 ಆಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಬರುವ ದೋಷ 'ಐಡಿ ಕಾಲಂ ಅಸ್ಪಷ್ಟ' ಎಂಬುದು. ಟೇಬಲ್‌ಗಳು ಸೇರಿದ ಮೇಲೆ ಬರೀ ಐಡಿ ಎಂದರೆ ಯಾರ ಐಡಿ ಎಂದು ಡೇಟಾಬೇಸ್‌ಗೆ ತಿಳಿಯದು. ಮುಖ್ಯ ಟೇಬಲ್‌ಗೆ ಡಿಬಿಐಸಿ ಕೊಡುವ ಅಡ್ಡಹೆಸರು 'ಮಿ'. ಸಂಬಂಧಿತ ಟೇಬಲ್‌ಗೆ ಸಂಬಂಧದ ಹೆಸರೇ ಅಡ್ಡಹೆಸರು. ಮೊದಲ ದಿನದಿಂದಲೇ ಎಲ್ಲ ಕಾಲಂ ಹೆಸರಿಗೂ ಮೊದಲು ಈ ಅಡ್ಡಹೆಸರನ್ನು ಬರೆಯುವ ರೂಢಿ ಮಾಡಿಕೊಳ್ಳಿ.

ಪುಟ ಪುಟವಾಗಿ ತೋರಿಸುವಾಗಲೂ ಈ ವ್ಯತ್ಯಾಸ ಕಾಣುತ್ತದೆ. ಹ್ಯಾಸ್ ಮೆನಿ ಸಂಬಂಧವನ್ನು ಬರೀ ಜಾಯಿನ್ ಮಾಡಿ 'ರೋಸ್' (ಸಾಲುಗಳ ಮಿತಿ) 25 ಎಂದರೆ ಅದೇ ಲಾಟ್ ಆರಾರು ಸಲ ಬಂದು ಪುಟದಲ್ಲಿ ನಾಲ್ಕೈದು ಲಾಟ್ ಮಾತ್ರ ಉಳಿಯುತ್ತದೆ. ಪ್ರಿಫೆಚ್ ಮಾಡಿದರೆ ಡಿಬಿಐಸಿ ಲಾಟ್‌ಗಳನ್ನು ಒಳ ಕ್ವೆರಿಯಲ್ಲಿ ಮೊದಲು 25ಕ್ಕೆ ಕತ್ತರಿಸಿ ಆಮೇಲೆ ಟೆಂಡರ್‌ಗಳನ್ನು ಸೇರಿಸುತ್ತದೆ. ಜಾಯಿನ್ ಮಾತ್ರ ಸಾಕು ಎನ್ನುವಲ್ಲಿ ಮರುಕಳಿಸುವ ಸಾಲು ತೆಗೆಯಲು 'ಡಿಸ್ಟಿಂಕ್ಟ್' 1 ಎಂದು ಸೇರಿಸಿ.

ಎಲ್ಲರೂ ಎಡವುವ ಜಾಗ

ತಂದು ಇಟ್ಟ ಟೆಂಡರ್‌ಗಳು ಇರುವುದು ಲಾಟ್‌ನೊಳಗಿನ ಸಂಬಂಧಿತ ರಿಸಲ್ಟ್‌ಸೆಟ್‌ನ (ಒಂದು ಹುಡುಕಾಟವನ್ನೂ ಅದರ ಸಾಲುಗಳನ್ನೂ ಹಿಡಿದಿಡುವ ವಸ್ತು) ಕ್ಯಾಶ್‌ನಲ್ಲಿ. ಆ ಕ್ಯಾಶ್ ಉತ್ತರಿಸುವುದು ಒಂದೇ ಪ್ರಶ್ನೆಗೆ: 'ಈ ಲಾಟ್‌ನ ಟೆಂಡರ್ ಎಲ್ಲ ಕೊಡು.' ಅದಕ್ಕೆ ಏನಾದರೂ ಷರತ್ತು ಸೇರಿಸಿದ ಕೂಡಲೇ ಡಿಬಿಐಸಿ ಕ್ಯಾಶ್ ಬದಿಗಿಟ್ಟು ಡೇಟಾಬೇಸ್‌ಗೆ ಹೋಗುತ್ತದೆ. 'ಸರ್ಚ್ ರಿಲೇಟೆಡ್' ಮಾಡಿ ದರ 2,000ಕ್ಕಿಂತ ಹೆಚ್ಚಿನವು ಎಂದು ಕೇಳಿದರೂ ಅಷ್ಟೆ, ಷರತ್ತಿಲ್ಲದೆ 'ಆರ್ಡರ್ ಬೈ' ಒಂದನ್ನೇ ಸೇರಿಸಿದರೂ ಅಷ್ಟೆ. ಕಾಲಂ ಹೆಸರು ಕೊಟ್ಟು 'ಗೆಟ್ ಕಾಲಂ' ಮೂಲಕ ಗರಿಷ್ಠ ದರ ಕೇಳಿದರೂ ಹೊಸ ಕ್ವೆರಿಯೇ. ಲೂಪ್‌ನೊಳಗೆ ಇಂಥ ಒಂದು ಸಾಲು ಇದ್ದರೆ 200 ಕ್ವೆರಿ ಸದ್ದಿಲ್ಲದೆ ವಾಪಸ್. ಮೇಲೆ ಪ್ರಿಫೆಚ್ ಮಾಡಿದ್ದು ದಂಡ, ಏಕೆಂದರೆ ಆ ದೊಡ್ಡ ಕ್ವೆರಿಯ ಖರ್ಚೂ ಮೇಲೆ ಬಿತ್ತು.

ಆದ್ದರಿಂದ ಹುಡುಕುವುದು ಎಲ್ಲಿ ಎಂದು ಮೊದಲೇ ತೀರ್ಮಾನಿಸಿ. ಎಲ್ಲ ಟೆಂಡರ್ ಕೈಯಲ್ಲಿದ್ದರೆ ಪರ್ಲ್‌ನಲ್ಲೇ ಹುಡುಕಿ: 'ಗ್ರೆಪ್' ಹಾಕಿ ಆರಿಸಿ, 'ಸಾರ್ಟ್' ಹಾಕಿ ಜೋಡಿಸಿ, ಗರಿಷ್ಠಕ್ಕೆ 'ಲಿಸ್ಟ್ ಯುಟಿಲ್' ಮಾಡ್ಯೂಲ್‌ನ 'ಮ್ಯಾಕ್ಸ್' ಬಳಸಿ. ಆರು ದರದಲ್ಲಿ ದೊಡ್ಡದನ್ನು ಆರಿಸುವುದು ನೆಟ್‌ವರ್ಕ್ ದಾಟಿ ಬರುವ ಒಂದು ಕ್ವೆರಿಯ ಮುಂದೆ ಲೆಕ್ಕಕ್ಕೇ ಇಲ್ಲ. ಯಾವ ಕ್ರಮದಲ್ಲಿ ಬೇಕು ಎಂದು ಮೊದಲೇ ಗೊತ್ತಿದ್ದರೆ ಮುಖ್ಯ ಸರ್ಚ್‌ನಲ್ಲೇ ಲಾಟ್ ಐಡಿ, ಆಮೇಲೆ ಟೆಂಡರ್ ದರ ಇಳಿಕೆಯಲ್ಲಿ ಎಂದು ಕೊಡಿ, ಕ್ಯಾಶ್‌ನಲ್ಲಿ ಅದೇ ಕ್ರಮದಲ್ಲಿ ಕೂರುತ್ತದೆ. ಷರತ್ತಿಲ್ಲದೆ 'ಕೌಂಟ್' ಕೇಳಿದರೆ ಕ್ಯಾಶ್‌ನಿಂದಲೇ ಎಣಿಸಿ ಹೇಳುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಏಕೆಂದರೆ ಅಲ್ಲಿ ವೇಗ ಕೆಡುವುದಿಲ್ಲ, ಲೆಕ್ಕ ಕೆಡುತ್ತದೆ. ಒಬ್ಬ ಖರೀದಿದಾರ ದರ ಹಾಕಿದ ಲಾಟ್‌ಗಳು ಬೇಕೆಂದು ಮುಖ್ಯ ಸರ್ಚ್‌ನಲ್ಲಿ ಟೆಂಡರ್‌ನ ಖರೀದಿದಾರ ಐಡಿ 17 ಎಂದು ಷರತ್ತು ಹಾಕಿ, ಅದೇ ಟೆಂಡರ್ ಸಂಬಂಧವನ್ನು ಪ್ರಿಫೆಚ್ ಮಾಡಿದಿರಿ ಎನ್ನಿ. ಲಾಟ್‌ಗಳು ಸರಿಯಾಗಿಯೇ ಬರುತ್ತವೆ. ಆದರೆ ಲಾಟ್‌ನೊಳಗೆ ಕೂತಿರುವುದು 17ನೇ ಖರೀದಿದಾರನ ದರ ಮಾತ್ರ. ಉಳಿದ ಐದು ದರ ಇಲ್ಲವೆಂದೇ ಡಿಬಿಐಸಿ ನಂಬಿರುತ್ತದೆ. ಆಮೇಲೆ ಯಾರೋ ಆ ಕ್ಯಾಶ್‌ನಿಂದ ಲಾಟ್‌ನ ಗರಿಷ್ಠ ದರ ಆರಿಸಿದರೆ 17ನೇ ಖರೀದಿದಾರನದ್ದೇ ಗರಿಷ್ಠ ಎಂಬ ಉತ್ತರ ಬರುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ರೈತನ ದುಡ್ಡಿನ ಲೆಕ್ಕದಲ್ಲಿ ಇದು ಸಲ್ಲದು. ಷರತ್ತಿಗೆ ಒಂದು ಹೆಜ್ಜೆ, ತರಲು ಒಂದು ಹೆಜ್ಜೆ ಎಂದು ಬೇರೆ ಮಾಡಿ: ಮೊದಲು ಟೆಂಡರ್‌ಗಳಲ್ಲಿ ಖರೀದಿದಾರ 17 ಇರುವ ಲಾಟ್ ಐಡಿಗಳ ಒಳ ಕ್ವೆರಿ ಮಾಡಿಕೊಳ್ಳಿ. ರಿಸಲ್ಟ್‌ಸೆಟ್ ಮೇಲೆ 'ಗೆಟ್ ಕಾಲಂ' ಕರೆದು 'ಆ್ಯಸ್ ಕ್ವೆರಿ' ಮಾಡಿದರೆ ಸಾಕು, ಬೇರೆ ಸುತ್ತು ಬೇಡ. ಅದನ್ನು ಲಾಟ್ ಐಡಿಯ 'ಇನ್' ಷರತ್ತಿಗೆ ಕೊಟ್ಟು, ಟೆಂಡರ್‌ಗಳನ್ನು ಷರತ್ತಿಲ್ಲದೆ ಪ್ರಿಫೆಚ್ ಮಾಡಿ. ಎಸ್‌ಕ್ಯುಎಲ್ ಒಂದೇ ಹೋಗುತ್ತದೆ, ಪ್ರತಿ ಲಾಟ್‌ನಲ್ಲಿ ಆರೂ ದರ ಇರುತ್ತವೆ.

ಪಟ್ಟಿಯನ್ನು ಪರ್ಲ್‌ನ ಪುಟ ಕಟ್ಟುವ ಮಾಡ್ಯೂಲ್ ಆದ ಟೆಂಪ್ಲೇಟ್ ಟೂಲ್‌ಕಿಟ್‌ನಲ್ಲಿ ಅಚ್ಚು ಹಾಕುವವರಿಗೆ ಒಂದು ಮಾತು. ಹ್ಯಾಸ್ ಮೆನಿ ಹೆಸರನ್ನು ಪಟ್ಟಿಯಾಗಿ ಕೇಳಿದರೆ ಸಾಲುಗಳ ಪಟ್ಟಿ ಬರುತ್ತದೆ, ಒಂಟಿಯಾಗಿ ಕೇಳಿದರೆ ರಿಸಲ್ಟ್‌ಸೆಟ್. ಟೆಂಪ್ಲೇಟ್ ಯಾವಾಗಲೂ ಪಟ್ಟಿಯಾಗಿಯೇ ಕೇಳುತ್ತದೆ, ಒಂದೇ ಟೆಂಡರ್ ಇದ್ದಾಗ ಪಟ್ಟಿಯ ಬದಲು ಆ ಟೆಂಡರ್ ವಸ್ತುವೇ ಕೈಗೆ ಬರುತ್ತದೆ. 'ಸೈಜ್' ಕೇಳಿದರೆ ಅಲ್ಲೇ ಮುಗ್ಗರಿಸುತ್ತದೆ. ಸಂಬಂಧದ ಹೆಸರಿನ ಕೊನೆಗೆ 'ಆರ್‌ಎಸ್' ಸೇರಿಸಿದ ಮೆಥಡ್ ಯಾವಾಗಲೂ ರಿಸಲ್ಟ್‌ಸೆಟ್ ಕೊಡುತ್ತದೆ, ಪ್ರಿಫೆಚ್ ಮಾಡಿದ್ದರೆ ಕ್ಯಾಶ್ ಸಮೇತ. ಟೆಂಪ್ಲೇಟ್‌ನಲ್ಲಿ ಅದನ್ನೇ ಬಳಸಿ 'ಕೌಂಟ್' ಕೇಳಿ.

ಎರಡು ಹ್ಯಾಸ್ ಮೆನಿ ಒಟ್ಟಿಗೆ ಬೇಡ

ಲಾಟ್‌ಗೆ 6 ಟೆಂಡರ್ ಜೊತೆ 4 ತೂಕದ ಚೀಟಿಯೂ ಇವೆ. ಎರಡನ್ನೂ ಒಂದೇ ಪ್ರಿಫೆಚ್‌ಗೆ ಹಾಕಿದರೆ ಪ್ರತಿ ಟೆಂಡರ್‌ಗೆ ಪ್ರತಿ ಚೀಟಿ ಗಂಟುಬಿದ್ದು ಲಾಟ್‌ಗೆ 24 ಸಾಲು, ದಿನಕ್ಕೆ 4,800. ಬೇರೆ ಬೇರೆ ತಂದರೆ 1,200 ಮತ್ತು 800, ಒಟ್ಟು 2,000. ಹೊಸ ಆವೃತ್ತಿಗಳು ಈ 4,800ನ್ನು ತಪ್ಪಿಲ್ಲದೆ ಮಡಚಿ ವಸ್ತುಗಳಾಗಿ ಕಟ್ಟುತ್ತವೆ ನಿಜ, ಆದರೆ ಸಾಲುಗಳು ಡೇಟಾಬೇಸ್‌ನಿಂದ ಬರಲೇಬೇಕಲ್ಲ.

ಟೆಂಡರ್‌ಗಳನ್ನು ಪ್ರಿಫೆಚ್‌ನಲ್ಲಿ ಬಿಡಿ. ಲಾಟ್ ಐಡಿಗಳನ್ನು ಕೂಡಿಸಿ, ತೂಕದ ಚೀಟಿಗಳನ್ನು 'ಇನ್' ಷರತ್ತಿನ ಒಂದೇ ಕ್ವೆರಿಯಲ್ಲಿ ತನ್ನಿ. ಲಾಟ್ ಐಡಿಯನ್ನು ಕೀ ಮಾಡಿ ಒಂದು ಹ್ಯಾಶ್‌ಗೆ ತುಂಬಿ. ಆಮೇಲೆ ಪ್ರತಿ ಲಾಟ್‌ನ 'ರಿಲೇಟೆಡ್ ರಿಸಲ್ಟ್‌ಸೆಟ್' ಕೇಳಿ, ಅದರ 'ಸೆಟ್ ಕ್ಯಾಶ್'ಗೆ ಆ ಲಾಟ್‌ನ ಚೀಟಿಗಳ ಅರೇ ರೆಫರೆನ್ಸ್ ಕೊಡಿ. ಅಲ್ಲಿಂದ ಮುಂದೆ ಲಾಟ್‌ನ ಚೀಟಿ ಕೇಳಿದರೆ ಕ್ವೆರಿ ಹೋಗುವುದಿಲ್ಲ. ಚೀಟಿಯೇ ಇಲ್ಲದ ಲಾಟ್‌ಗೆ ಖಾಲಿ ಅರೇ ಕೊಡುವುದನ್ನು ಬಿಡಬೇಡಿ. ಬಿಟ್ಟರೆ ಅಂಥ ಪ್ರತಿ ಲಾಟ್‌ಗೂ ಒಂದು ಕ್ವೆರಿ ಹೋಗಿ ಬರಿಗೈಯಲ್ಲಿ ಬರುತ್ತದೆ.

ಕನ್ನಡ ಹೆಸರಿನಲ್ಲಿ ಹುಡುಕುವಾಗ

ಕೊಟ್ರೇಶಪ್ಪ ಎಂಬ ಹೆಸರನ್ನೇ ತಗೊಳ್ಳಿ, ಹರಪನಹಳ್ಳಿ ಕಡೆ ಕೇರಿಗೊಬ್ಬರು ಸಿಗುತ್ತಾರೆ. ಇದರ 'ಕೊ'ದಲ್ಲಿರುವ ಒಕಾರದ ಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳಾಗಿಯೂ ಇರಬಹುದು. 'ಟ್ರೇ'ಯ ಏಕಾರವೂ ಹಾಗೆಯೇ. ಕಣ್ಣಿಗೆ ಎರಡೂ ಒಂದೇ. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಹೋಲಿಕೆಗೆ ಬೇರೆ ಬೇರೆ, ಹುಡುಕಿದರೆ ರೈತ ಸಿಗುವುದಿಲ್ಲ. ಪರ್ಲ್ ಜೊತೆಗೇ ಬರುವ 'ಯೂನಿಕೋಡ್ ನಾರ್ಮಲೈಜ್' ಮಾಡ್ಯೂಲ್‌ನ 'ಎನ್‌ಎಫ್‌ಸಿ' ಇವನ್ನು ಒಂದೇ ರೂಪಕ್ಕೆ ತರುತ್ತದೆ. 'ರಾಜ್‌ಕುಮಾರ' ಎಂಬಂಥ ಹೆಸರಿನ ನಡುವೆ ಕೂತ ಕಾಣದ ಬಿಡಿಸುವ ಸಂಕೇತವನ್ನು ಅದು ತೆಗೆಯುವುದಿಲ್ಲ, ಅದನ್ನು ನೀವೇ ತೆಗೆಯಬೇಕು. ಹೆಸರಿನ ಮೂಲ ಕಾಲಂ ಹಾಗೇ ಇರಲಿ. ಹೀಗೆ ಶುಚಿ ಮಾಡಿದ ರೂಪಕ್ಕೆ ಹುಡುಕಾಟದ ಕಾಲಂ ಬೇರೆ ಮಾಡಿ, ಹುಡುಕುವ ಪದವನ್ನೂ ಅದೇ ಸಬ್‌ರುಟೀನ್‌ನಲ್ಲಿ ಹಾಯಿಸಿ.

'ಲೈಕ್' ಹಾಕುವಾಗ ಶೇಕಡಾ ಚಿಹ್ನೆ ಕೊನೆಗೆ ಮಾತ್ರ ಇರಲಿ. ಬಸವರಾಜ ಎಂದು ಕೊಟ್ಟರೆ ಬಸವರಾಜ್, ಬಸವರಾಜಪ್ಪ ಎಲ್ಲ ಸಿಗುತ್ತಾರೆ. ಪದದ ಶುರುವಿಗೂ ಹಾಕಿದರೆ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬಾರದೆ ಇಡೀ ಟೇಬಲ್ ಓದಬೇಕಾಗುತ್ತದೆ.

ಎಷ್ಟು ಹೊತ್ತು ಇಟ್ಟುಕೊಳ್ಳಬಹುದು

ಸರ್ಚ್ ಗುಣಗಳಲ್ಲಿ 'ಕ್ಯಾಶ್' 1 ಎಂದರೆ ಆ ರಿಸಲ್ಟ್‌ಸೆಟ್ ಮೇಲೆ ಎರಡನೇ ಸಲ ಓಡಾಡುವಾಗ ಕ್ವೆರಿ ಇರುವುದಿಲ್ಲ. ಆದರೆ ಮೊದಲ 'ನೆಕ್ಸ್ಟ್'ಗೇ ಎಲ್ಲ ಸಾಲೂ ಮೆಮೊರಿಗೆ ಬರುತ್ತವೆ. ಇಡೀ ವರ್ಷದ ಲಾಟ್‌ಗೆ ಇದನ್ನು ಹಾಕಬೇಡಿ. ಬರೀ ಓದಿ ಅಚ್ಚು ಹಾಕುವ ದೊಡ್ಡ ವರದಿಗೆ 'ಹ್ಯಾಶ್‌ರೆಫ್ ಇನ್‌ಫ್ಲೇಟರ್' ಅನ್ನು ರಿಸಲ್ಟ್ ಕ್ಲಾಸ್ ಮಾಡಿದರೆ ವಸ್ತುಗಳ ಬದಲು ಬರೀ ಹ್ಯಾಶ್ ಬಂದು ಕೆಲಸ ಹಗುರಾಗುತ್ತದೆ.

ಕೈಯಲ್ಲಿರುವ ಸಾಲು ಹಳೆಯದಾಗುವುದು ಯಾವಾಗ ಎಂದು ತಿಳಿದಿರಬೇಕು. ಲಾಟ್ ಮೂಲಕ 'ಕ್ರಿಯೇಟ್ ರಿಲೇಟೆಡ್' ಮಾಡಿ ದರ ಸೇರಿಸಿದರೆ ಆ ಸಂಬಂಧದ ಕ್ಯಾಶ್ ತಾನಾಗಿ ಹೋಗುತ್ತದೆ, ಮುಂದಿನ ಸಲ ಹೊಸದಾಗಿ ತರುತ್ತದೆ. ಟೆಂಡರ್ ರಿಸಲ್ಟ್‌ಸೆಟ್‌ನಲ್ಲಿ ನೇರ 'ಕ್ರಿಯೇಟ್' ಮಾಡಿದರೆ ಲಾಟ್‌ಗೆ ಸುಳಿವೇ ಇರುವುದಿಲ್ಲ. ರಿಸಲ್ಟ್‌ಸೆಟ್ ಮೇಲೆ ಒಟ್ಟಾಗಿ 'ಅಪ್‌ಡೇಟ್' ಮಾಡಿದಾಗಲೂ ಮೊದಲೇ ತಂದ ವಸ್ತುಗಳಲ್ಲಿ ಹಳೇ ದರವೇ ಇರುತ್ತದೆ. ಅಂಥಲ್ಲಿ ಆ ಸಾಲಿನ ಮೇಲೆ 'ಡಿಸ್ಕಾರ್ಡ್ ಚೇಂಜಸ್' ಕರೆದರೆ ಡೇಟಾಬೇಸ್‌ನಿಂದ ಮತ್ತೆ ಓದುತ್ತದೆ.

ವೆಬ್ ಸರ್ವರ್‌ನಲ್ಲಿ ರಿಸಲ್ಟ್‌ಸೆಟ್ಟನ್ನು ಪ್ಯಾಕೇಜ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಪರ್ಲ್ ವೆಬ್ ಸರ್ವರ್ ಆದ ಸ್ಟಾರ್‌ಮನ್ ಐದು ಪ್ರೊಸೆಸ್ ಓಡಿಸಿದರೆ ಐದು ಕ್ಯಾಶ್. ಒಂದರಲ್ಲಿ ತಿದ್ದಿದ ದರ ಉಳಿದ ನಾಲ್ಕಕ್ಕೆ ಗೊತ್ತಾಗದೆ, ಪುಟ ರಿಫ್ರೆಶ್ ಮಾಡಿದ ಹಾಗೆಲ್ಲ ಒಮ್ಮೆ ಹೊಸ ದರ, ಒಮ್ಮೆ ಹಳೇ ದರ ಕಾಣುತ್ತದೆ. ಒಂದು ವೆಬ್ ವಿನಂತಿ ಮುಗಿದ ಮೇಲೂ ಇಟ್ಟುಕೊಳ್ಳಬೇಕಿದ್ದರೆ 'ಕರ್ಸರ್ ಕ್ಯಾಶ್ಡ್' ಮಾಡ್ಯೂಲ್ ಹಾಕಿ: ಕನೆಕ್ಟ್ ಮಾಡುವಾಗ ಕರ್ಸರ್ (ಡೇಟಾಬೇಸ್‌ನಿಂದ ಸಾಲು ತರುವ ಭಾಗ) ಕ್ಲಾಸ್ ಆಗಿ ಅದನ್ನು ಕೊಡಿ, ಎಲ್ಲ ಪ್ರೊಸೆಸ್‌ಗೂ ಸಿಗುವ ಮೆಮ್‌ಕ್ಯಾಶ್‌ಡಿಯಂಥ ಜಾಗವನ್ನು ಕ್ಯಾಶ್ ಆಬ್ಜೆಕ್ಟ್ ಆಗಿ ಕೊಡಿ, ಸರ್ಚ್‌ನಲ್ಲಿ 'ಕ್ಯಾಶ್ ಫಾರ್' 300 ಎಂದರೆ 300 ಸೆಕೆಂಡ್ ಉಳಿಯುತ್ತದೆ. ನಿನ್ನೆಯ ಮುಗಿದ ಟೆಂಡರ್‌ಗೆ ಇದು ಸರಿ. ಟೆಂಡರ್ ತೆರೆದಿರುವ ಹೊತ್ತಿನ ದರಕ್ಕೆ 10 ಸೆಕೆಂಡೂ ಇಡಬೇಡಿ. ಷರತ್ತಿನಲ್ಲಿ ಈಗಿನ ಸಮಯವನ್ನು ಸೆಕೆಂಡ್‌ವರೆಗೆ ಕೊಟ್ಟರೆ ಪ್ರತಿ ಸಲ ಬೈಂಡ್ ಮೌಲ್ಯ ಬದಲಾಗಿ ಕ್ಯಾಶ್‌ನ ಕೀ ಹೊಸದಾಗುತ್ತದೆ, ಇಟ್ಟದ್ದು ಯಾರಿಗೂ ಸಿಗದೆ ಜಾಗ ಮಾತ್ರ ತುಂಬುತ್ತದೆ. ದಿನಾಂಕ ಸಾಕಾದಲ್ಲಿ ದಿನಾಂಕವನ್ನಷ್ಟೇ ಕೊಡಿ. ಮುಗಿದ ದಿನದ ತೂಕವನ್ನು ಯಾರಾದರೂ ತಿದ್ದಿದರೆ ಅದೇ ಟ್ರಾನ್ಸಾಕ್ಷನ್ ಕಮಿಟ್ ಆದ ಬಳಿಕ, ಅದೇ ಷರತ್ತಿನ ರಿಸಲ್ಟ್‌ಸೆಟ್‌ನ ಕರ್ಸರ್ ಮೇಲೆ 'ಕ್ಲಿಯರ್ ಕ್ಯಾಶ್' ಕರೆಯಿರಿ. ಕಮಿಟ್‌ಗೆ ಮೊದಲೇ ಕರೆದರೆ, ಆ ನಡುವೆ ಬಂದ ಇನ್ನೊಂದು ವಿನಂತಿ ಹಳೇ ತೂಕವನ್ನೇ ಓದಿ ಮತ್ತೆ ಕ್ಯಾಶ್‌ಗೆ ಹಾಕಿಬಿಡುತ್ತದೆ.