ಎಲ್ಲರನ್ನೂ ಕಲ್ಲು ಮಾಡಿದ ಮೇಲೆ ಬೆಸಿಲಿಸ್ಕ್ ತಿನ್ನೋದೇನು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬರು ಕಥೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸುವ ಮೇಜಿನಾಟ. ಅದನ್ನು ಆಡಿಸಲು ಶುರುಮಾಡಿದ ಹೊಸದರಲ್ಲಿ ಮಾನ್ಸ್ಟರ್ ಅಂದರೆ ನನಗೆ ಬರೀ ಅಂಕಿಗಳು. ಎಷ್ಟು ಹಿಟ್ ಪಾಯಿಂಟ್ (ಪ್ರಾಣದ ಲೆಕ್ಕ), ಕಚ್ಚಿದರೆ ಯಾವ ದಾಳ, ಅಷ್ಟೇ. ಆ ಅಂಕಿಗಳ ಪಟ್ಟಿಯಾದ ಸ್ಟ್ಯಾಟ್ ಬ್ಲಾಕ್ ಪಕ್ಕದ ಪ್ಯಾರಾಗಳನ್ನು ಓದುವ ವ್ಯವಧಾನ ಇರುತ್ತಿರಲಿಲ್ಲ. ಹಾಗಿರುವಾಗ ಒಂದು ಸೆಷನ್‌ನಲ್ಲಿ ಗುಹೆಯ ತುಂಬ ಕಲ್ಲಾದ ಮನುಷ್ಯರನ್ನು ನಿಲ್ಲಿಸಿದೆ. ನೋಟದಿಂದಲೇ ಕಲ್ಲು ಮಾಡುವ ಹಲ್ಲಿಯಂಥ ಮೃಗ ಬೆಸಿಲಿಸ್ಕ್ ಉಗುರು ಕೆರೆಯುವ ಸದ್ದು ಮಾಡಿದೆ. ಎಲ್ಲರೂ ಹೆದರಿದರು ಅಂದುಕೊಳ್ಳುವಷ್ಟರಲ್ಲಿ ಕಳ್ಳಿಯ ಪಾತ್ರ ಆಡುತ್ತಿದ್ದವಳು ಕೇಳಿದಳು: "ಕಂಡಿದ್ದನ್ನೆಲ್ಲ ಕಲ್ಲು ಮಾಡಿಬಿಟ್ರೆ ಇದು ಹೊಟ್ಟೆಗೇನು ತಿನ್ನುತ್ತೆ?"

"ಇಲಿ" ಅಂದೆ.

"ಇಲಿಯೂ ಕಲ್ಲಾಗುತ್ತಲ್ಲ!"

ಅಲ್ಲಿಗೆ ಗುಹೆಯ ಭಯವೆಲ್ಲ ಹಾರಿಹೋಗಿ ಮೇಜಿನ ಸುತ್ತ ನಗುವೋ ನಗು.

ಆಮೇಲೆ ಪುಸ್ತಕ ತೆರೆದರೆ ಉತ್ತರ ಕಣ್ಣೆದುರೇ ಇತ್ತು. ಆಟದ ಮೃಗಗಳ ಪುಸ್ತಕವಾದ 2014ರ ಮಾನ್ಸ್ಟರ್ ಮ್ಯಾನ್ಯುಯಲ್ ಪ್ರಕಾರ ಅದು ಕಲ್ಲಾದ ಬೇಟೆಯನ್ನೇ ಕಡಿದು ನುಂಗುತ್ತದೆ. ಅದರ ಗಂಟಲಿನ ರಸದಿಂದ ಎಣ್ಣೆ ತೆಗೆಯಬಲ್ಲ ರಸವಾದಿಗಳು ಕಲ್ಲಾದವರನ್ನು ಮತ್ತೆ ಬದುಕಿಸಬಲ್ಲರು. ಆದರೆ ಕಲ್ಲಾಗಿದ್ದಾಗ ಮುರಿದುಹೋದ ಅಂಗ ಬದುಕಿದ ಮೇಲೂ ಇರುವುದಿಲ್ಲ. ಈ ಮೂರು ಸಾಲಿನಲ್ಲಿ ಎರಡು ತಿಂಗಳ ಆಟ ಅಡಗಿತ್ತು, ನಾನು ಅದನ್ನು ಓದದೆ ದಾಳ ಎಣಿಸುತ್ತ ಕೂತಿದ್ದೆ.

ಅವತ್ತಿನಿಂದ ಪ್ರತಿ ಮಾನ್ಸ್ಟರ್‌ನ ಹಿನ್ನೆಲೆ ಹುಡುಕುವ ಚಟ ಹತ್ತಿತು. ಮೊದಲು ಕೈಯಲ್ಲಿರುವ ಪುಸ್ತಕ, ಆಮೇಲೆ ಅದೇ ಆಟದ ಹಳೆಯ ಆವೃತ್ತಿಗಳು. ಹೊಸ ಪುಸ್ತಕಗಳಲ್ಲಿ ಚಿತ್ರ ಚೆಂದ, ಮಾತು ಕಡಿಮೆ. 1989ರಲ್ಲಿ ಎರಡನೇ ಆವೃತ್ತಿಗೆಂದು ಬಿಡಿ ಹಾಳೆಗಳಲ್ಲಿ ಬಂದು, 1993ರಲ್ಲಿ ಒಂದೇ ಪುಸ್ತಕವಾಗಿ ಕೂಡಿದ ಸಂಕಲನವಿದೆ. ಅದರಲ್ಲಿ ಪ್ರತಿ ಪ್ರಾಣಿ ಎಲ್ಲಿ, ಯಾರ ಜೊತೆ ಬಾಳುತ್ತದೆ, ಸುತ್ತಲಿನ ಜೀವಿಗಳೊಡನೆ ಅದರ ಸಂಬಂಧ ಏನು ಎಂಬುದಕ್ಕೆ ಬೇರೆಬೇರೆ ತಲೆಬರಹಗಳೇ ಇವೆ. ಈ ಆಟದ್ದೇ ಆದ ಡ್ರ್ಯಾಗನ್ ಪತ್ರಿಕೆಯಲ್ಲಿ 1983ರಿಂದ ಶುರುವಾದ 'ಇಕಾಲಜಿ' ಲೇಖನಮಾಲೆ ಇನ್ನೂ ಒಂದು ಹೆಜ್ಜೆ ಮುಂದೆ: ಒಂದೊಂದು ಮೃಗದ ಮೇಲೂ ಪ್ರಾಣಿಶಾಸ್ತ್ರಜ್ಞ ಬರೆದಂತೆ ಪುಟಗಟ್ಟಲೆ. ಅಂಕಿಗಳು ಈಗಿನ ನಿಯಮಕ್ಕೆ ಹೊಂದುವುದಿಲ್ಲ, ಅದು ನನಗೆ ಬೇಕೂ ಇಲ್ಲ.

ಅಭಿಮಾನಿಗಳ ವಿಕಿಗಳನ್ನು ಮಾತ್ರ ಎಚ್ಚರದಿಂದ ಓದುತ್ತೇನೆ. ಅಲ್ಲಿ ಐದು ಆವೃತ್ತಿಗಳ ಮಾತು ಒಂದೇ ಪ್ಯಾರಾದಲ್ಲಿ ಕಲಸಿಹೋಗಿರುತ್ತದೆ. ಕೋಬೋಲ್ಡ್ ಎಂಬ ಕುಳ್ಳ ಜೀವಿಗಳನ್ನೇ ನೋಡಿ. ಹಳೆಯ ಚಿತ್ರಗಳಲ್ಲಿ ಅವಕ್ಕೆ ನಾಯಿಯಂಥ ಮುಖ, 2000ದಲ್ಲಿ ಬಂದ ಮೂರನೇ ಆವೃತ್ತಿಯಿಂದ ಡ್ರ್ಯಾಗನ್‌ಗಳ ಬಡ ನೆಂಟರು. ಎರಡನ್ನೂ ಒಟ್ಟಿಗೆ ನಂಬಿಕೊಂಡು ನಾನೊಮ್ಮೆ ಬೊಗಳುವ ಹಲ್ಲಿಗಳನ್ನು ಮೇಜಿಗೆ ತಂದಿದ್ದೆ.

ನನಗೆ ನಿಜವಾಗಿ ರುಚಿ ಹತ್ತಿದ್ದು ಆಟದ ಪುಸ್ತಕಗಳನ್ನು ದಾಟಿ ಹಿಂದಕ್ಕೆ ಹೋದಾಗ. ಜರ್ಮನ್ ಜನಪದದಲ್ಲಿ ಕೋಬೋಲ್ಡ್ ಮನೆಯಲ್ಲೂ ಗಣಿಯಲ್ಲೂ ಇರುವ ತುಂಟ ಭೂತ. ಗಣಿಯವರಿಗೆ ಬೆಳ್ಳಿಯಂತೆ ಕಾಣುವ ಅದಿರು ಸಿಗುತ್ತಿತ್ತು. ಕರಗಿಸಿದರೆ ಬೆಳ್ಳಿ ಇಲ್ಲ, ಆರ್ಸೆನಿಕ್‌ನ ವಿಷದ ಹೊಗೆ ಮಾತ್ರ. ಒಳ್ಳೆಯ ಅದಿರನ್ನು ಕೋಬೋಲ್ಡ್ ಕದ್ದು ಕೆಟ್ಟದ್ದನ್ನು ಇಟ್ಟಿತು ಅಂದುಕೊಂಡರು. 1730ರ ದಶಕದಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಗೆಯೋರ್ಗ್ ಬ್ರಾಂಟ್ ಅಂಥ ಅದಿರಿನಿಂದ ಹೊಸ ಲೋಹ ಬೇರ್ಪಡಿಸಿದಾಗ ಅದಕ್ಕೆ ಕೋಬಾಲ್ಟ್ ಎಂಬ ಹೆಸರು ನಿಂತಿದ್ದು ಹೀಗೆ. ಇದನ್ನು ಓದಿದ ವಾರವೇ ನಮ್ಮ ಕ್ಯಾಂಪೇನ್‌ನ (ಸೆಷನ್‌ಗಳುದ್ದಕ್ಕೂ ಸಾಗುವ ಕಥೆಯ) ಗಣಿಯಲ್ಲಿ ಕೆಲಸಗಾರರು ಕೆಮ್ಮುತ್ತ ಬೀಳತೊಡಗಿದರು. ಕೋಬೋಲ್ಡ್‌ಗಳು ಒಂದು ಬಾಣವನ್ನೂ ಬಿಡಲಿಲ್ಲ, ರಾತ್ರೋರಾತ್ರಿ ಗಾಡಿಯೊಳಗಿನ ಅದಿರು ಬದಲಾಯಿಸಿದವು, ಅಷ್ಟೇ. ಪಾರ್ಟಿಗೆ, ಅಂದರೆ ಆಟಗಾರರ ಪಾತ್ರಗಳ ತಂಡಕ್ಕೆ, ಅದು ಗೊತ್ತಾಗಲು ಮೂರು ಸೆಷನ್ ಹಿಡಿಯಿತು. ಗೊತ್ತಾದ ಮೇಲೆ ಕತ್ತಿ ಹಿರಿಯದೆ ಮಾತುಕತೆಗೆ ಕೂತರು.

ಬೆಸಿಲಿಸ್ಕನ್ನೂ ಹೀಗೇ ಬೆನ್ನು ಹತ್ತಿದೆ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿಯ ಬೆಸಿಲಿಸ್ಕ್ ಒಂದು ಹಾವು, ಉದ್ದ ಹನ್ನೆರಡು ಬೆರಳಗಲ ಮೀರುವುದಿಲ್ಲ! ಅಷ್ಟು ಪುಟ್ಟದ್ದರ ಉಸಿರು ತಾಗಿದರೆ ಹುಲ್ಲು ಸುಡುತ್ತದೆ, ಬಂಡೆ ಸೀಳುತ್ತದೆ. ಕುದುರೆಯ ಮೇಲಿಂದ ಈಟಿಯಲ್ಲಿ ಅದನ್ನು ಚುಚ್ಚಿದವನಿಗೆ ವಿಷ ಈಟಿಯ ಉದ್ದಕ್ಕೂ ಏರಿಬಂದು ಅವನೂ ಸತ್ತ, ಕುದುರೆಯೂ ಸತ್ತಿತು. ಅದನ್ನು ಕೊಲ್ಲಬಲ್ಲದ್ದು ವೀಸಲ್ ಎಂಬ ಮುಂಗುಸಿಯಂಥ ಸಣ್ಣ ಪ್ರಾಣಿ, ಅದೂ ತನ್ನ ನಾತದಿಂದ. ನಮ್ಮ ಮೇಜಿನಲ್ಲಿ ಬೆಸಿಲಿಸ್ಕ್ ಎರಡನೇ ಸಲ ಬಂದಾಗ ಪಾರ್ಟಿಯವರು ಒಬ್ಬ ಬೇಟೆಗಾರನ ಮಾತು ಕೇಳಿ ಪಂಜರದಲ್ಲಿ ವೀಸಲ್ ಹೊತ್ತು ತಂದಿದ್ದರು. ಅದಕ್ಕೊಂದು ಹೆಸರಿಟ್ಟಿದ್ದರು, ಅದರ ಹಿಟ್ ಪಾಯಿಂಟನ್ನು ತಮ್ಮದಕ್ಕಿಂತ ಜತನವಾಗಿ ಕಾದರು.

ಹುಡುಕುವುದರಲ್ಲಿ ಒಂದು ತೊಡಕಿದೆ. ಪ್ರಾಣಿಯ ಹೆಸರು ಹಾಕಿದರೆ ಮೊದಲು ಬರುವುದೆಲ್ಲ ಆಟದ ಪುಟಗಳೇ. ಆಟದ ಹೆಸರಿಗೆ ಮೈನಸ್ ಚಿಹ್ನೆ ಹಾಕಿ ಹೊರಗಿಟ್ಟು, 'ಬೆಸ್ಟಿಯರಿ' (ಹಳೆಯ ಕಾಲದ ಪ್ರಾಣಿಪುಸ್ತಕ) ಅಥವಾ 'ಫೋಕ್‌ಲೋರ್' (ಜನಪದ) ಎಂಬ ಪದ ಸೇರಿಸುತ್ತೇನೆ. ಹಳೆಯ ಕಾಗುಣಿತವೂ ಕೆಲಸಕ್ಕೆ ಬರುತ್ತದೆ: ಮ್ಯಾಂಟಿಕೋರ್ ಬದಲು ಮಾರ್ಟಿಖೋರಾ ಎಂದು ಹುಡುಕಿದಾಗ ಸಿಕ್ಕವನು ಪರ್ಷಿಯಾದ ದೊರೆಯ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಕ್ಟೀಸಿಯಸ್. ಮನುಷ್ಯನ ಮುಖ, ಮೂರು ಸಾಲು ಹಲ್ಲು, ಬಾಲದಿಂದ ಮುಳ್ಳು ಎಸೆಯುವ ಈ ನರಭಕ್ಷಕ ಭಾರತದಲ್ಲಿದೆ ಎಂದು ಬರೆದವನು ಅವನೇ. ಇದು ಹುಲಿಯೇ ಇರಬೇಕು, ಹೆದರಿದ ಜನ ಬಣ್ಣ ಕಟ್ಟಿದ್ದಾರೆ ಎಂದು ಆಮೇಲೆ ಗ್ರೀಕ್ ಪ್ರವಾಸಿ ಲೇಖಕ ಪಾಸೇನಿಯಸ್ ಸಂಶಯಪಟ್ಟ. ನನಗೆ ಉಪಯೋಗಕ್ಕೆ ಬಂದದ್ದು ಅದರ ದನಿ. ಕೊಳಲೂ ಕಹಳೆಯೂ ಕೂಡಿದಂತಂತೆ. ಆ ಸದ್ದನ್ನು ಎರಡು ಸೆಷನ್ ದೂರದಿಂದ ಕೇಳಿಸಿದೆ, ಪ್ರಾಣಿಯನ್ನು ತೋರಿಸಲೇ ಇಲ್ಲ. ಅಬರ್ಡೀನ್ ವಿಶ್ವವಿದ್ಯಾಲಯದವರು ಸುಮಾರು 1200ರ ಕಾಲದ ತಮ್ಮ ಬೆಸ್ಟಿಯರಿಯನ್ನು ಪುಟಪುಟವಾಗಿ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಒಮ್ಮೆ ಒಳಹೊಕ್ಕರೆ ಸೆಷನ್ ತಯಾರಿ ಮರೆತೇ ಹೋಗುತ್ತದೆ.

ಮೂಲ ಗೊತ್ತಿದ್ದರೂ ಎಡವಬಹುದು. ಗಾರ್ಗನ್ ಅಂದಕೂಡಲೇ ನಮ್ಮ ಮಂತ್ರವಾದಿ, ಕಂಡವರನ್ನು ಕಲ್ಲು ಮಾಡುವ ಗ್ರೀಕ್ ಪುರಾಣದ ಗಾರ್ಗನ್ ಮೆಡೂಸಾಳನ್ನು ನೆನೆದು ಕನ್ನಡಿ ಎತ್ತಿ ನಿಂತ. ಆದರೆ ಆಟದ ಗಾರ್ಗನ್ ಲೋಹದ ಚಿಪ್ಪಿನ ಗೂಳಿ, 1607ರ ಎಡ್ವರ್ಡ್ ಟಾಪ್ಸೆಲ್‌ನ ಪ್ರಾಣಿಪುಸ್ತಕದ ವಂಶ. ಕನ್ನಡಿ ಹಿಡಿದವನು ಅದರ ಉಸಿರು ತಾಗಿ ಕನ್ನಡಿ ಸಮೇತ ಕಲ್ಲಾದ.

ಇನ್ನು ಕೆಲವಕ್ಕೆ ಪುರಾತನ ಮೂಲವೇ ಇಲ್ಲ. ಆಟದ ರಾಕ್ಷಸನಿಗೆ ಹುಲಿಯ ತಲೆ. 1977ರ ಮಾನ್ಸ್ಟರ್ ಮ್ಯಾನ್ಯುಯಲ್ ಪ್ರಕಾರ ಮಂತ್ರಿಸಿದ ಕ್ರಾಸ್‌ಬೋ ಬಾಣ ತಾಗಿದರೆ ಸಾವು. ರಾಮಾಯಣ ಕೇಳಿ ಬೆಳೆದ ನಾನು ಇದು ಯಾವ ಕಾಂಡದಲ್ಲಿದೆ ಎಂದು ತಲೆಕೆಡಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆ ಬಾಣ ಬಂದದ್ದು 1974ರ ಒಂದು ಅಮೆರಿಕನ್ ಟಿವಿ ಧಾರಾವಾಹಿಯ ಕಂತಿನಿಂದ! ಗೂಬೆಮೋರೆಯ ಕರಡಿ ಔಲ್‌ಬೇರ್ ಮತ್ತು ಲೋಹಕ್ಕೆ ತುಕ್ಕು ಹಿಡಿಸುವ ರಸ್ಟ್ ಮಾನ್ಸ್ಟರ್ ಇನ್ನೂ ಮಜಾ. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಚೀಲವೊಂದು ಈ ಆಟ ಕಟ್ಟಿದವರಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಕೈಗೆ ಸಿಕ್ಕಿ, ಅದರೊಳಗಿನ ವಿಚಿತ್ರ ಆಕಾರಗಳೇ ಮಾನ್ಸ್ಟರ್‌ಗಳಾದವು. ಇಂಥವಕ್ಕೆ ನಾನು ಗ್ರಂಥ ತಡಕುವುದನ್ನು ಬಿಟ್ಟು ನಿಜವಾದ ಪ್ರಾಣಿಗಳ ಕಡೆ ತಿರುಗುತ್ತೇನೆ.

ಸಿಕ್ಕಿದ್ದನ್ನು ಮೇಜಿಗೆ ತರುವುದು ಬೇರೆಯೇ ಕೆಲಸ. ಮೊದಮೊದಲು ಪ್ರವಚನದಂತೆ ಎರಡು ಪುಟ ಗಟ್ಟಿಯಾಗಿ ಓದಿದ್ದೆ. ಒಬ್ಬ ದಾಳಗಳಿಂದ ಗೋಪುರ ಕಟ್ಟಿದ, ಇನ್ನೊಬ್ಬ ಆಕಳಿಸಿದ. ಈಗ ಒಂದು ಮಾನ್ಸ್ಟರ್‌ಗೆ ಮೂರೇ ಚೀಟಿ: ಅದು ಬಿಟ್ಟುಹೋಗುವ ಗುರುತು, ಅದರ ಆಸೆ ಅಥವಾ ಅಳುಕು, ಮತ್ತೊಂದು ಸುಳ್ಳು. ಬೇಟೆಗಾರ, ಪೂಜಾರಿ, ಕುಡುಕ, ಮೂವರ ಬಾಯಲ್ಲಿ ಒಂದೊಂದು. ಪಾತ್ರದ ತಿಳಿವನ್ನು ಪರೀಕ್ಷಿಸುವ ನೇಚರ್ (ಪ್ರಕೃತಿ) ಅಥವಾ ಆರ್ಕೇನಾ (ಮಂತ್ರವಿದ್ಯೆ) ದಾಳ ಚೆನ್ನಾಗಿ ಬಿದ್ದರೆ ಸುಳ್ಳು ಯಾವುದೆಂದು ಹೇಳುತ್ತೇನೆ. ಸುಳ್ಳನ್ನು ನಾನು ಕಟ್ಟುವುದು ಕಡಿಮೆ, ಹಳೆಯವರೇ ಸಾಕಷ್ಟು ಕಟ್ಟಿಟ್ಟಿದ್ದಾರೆ.

ಔಲ್‌ಬೇರ್‌ಗೆ ನಾನು ಗೂಬೆಯಿಂದ ಎರವಲು ತಂದೆ. ಗೂಬೆ ಬೇಟೆಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಎಲುಬು ಕೂದಲನ್ನು ಉಂಡೆ ಮಾಡಿ ಕಕ್ಕುತ್ತದೆ. ಅಂದಮೇಲೆ ಔಲ್‌ಬೇರ್ ಗವಿಯ ಬಾಯಲ್ಲಿ ಕುಂಬಳಕಾಯಿ ಗಾತ್ರದ ಉಂಡೆಗಳು ಬಿದ್ದಿರಬೇಕಲ್ಲ. ಕಾಣೆಯಾದ ರಾಜದೂತನನ್ನು ಹುಡುಕುತ್ತ ಬಂದ ಪಾರ್ಟಿ ಒಂದನ್ನು ಬಿಡಿಸಿದಾಗ ಒಳಗೆ ಮುದ್ರೆಯುಂಗುರ. ಯಾರೂ ಮಾತಾಡಲಿಲ್ಲ. ಇಷ್ಟು ದಿನದ ಓದು ಸಾರ್ಥಕವಾಯಿತು ಅಂದುಕೊಂಡು ನಾನು ನನ್ನ ದಾಳಗಳನ್ನು ಮರೆಮಾಡುವ ಪರದೆಯ ಹಿಂದೆ ಬೀಗುತ್ತಿದ್ದೆ.

ಕಳ್ಳಿ ತಲೆಯೆತ್ತಿದಳು. "ದೂತ ಸಿಕ್ಕಿದ ಸರಿ. ಅವನ ಕುದುರೆ ಎಲ್ಲಿ?"

ಕುದುರೆ ನನ್ನ ತಲೆಯಲ್ಲೇ ಇರಲಿಲ್ಲ. ಮುಖದಲ್ಲಿ ಏನೂ ತೋರಗೊಡದೆ ಪರದೆಯ ಹಿಂದೆ ಒಂದು ದಾಳ ಉರುಳಿಸಿದೆ.