ಆಯಿಯ ಕೌದಿ ಓದುವ ಬಗೆ

ಮನೆಯ ಹಳೆಯ ಕೌದಿ, ಅಂದರೆ ಹಳೆ ಬಟ್ಟೆಯ ತುಂಡುಗಳನ್ನು ಪದರವಾಗಿ ಹೊಲಿದ ಹೊದಿಕೆ, ಕೈಗೆ ಸಿಕ್ಕರೆ ದಯವಿಟ್ಟು ಒಗೆಯಬೇಡಿ. ನಮ್ಮ ಆಯಿಯ (ಅಜ್ಜಿಯ) ಕೌದಿ ಟ್ರಂಕಿನಿಂದ ಹೊರಬಂದ ದಿನ ನಾನು ಬಕೆಟ್ಟಿಗೆ ಸೋಪಿನ ಪುಡಿ ಹಾಕಿಯಾಗಿತ್ತು. ಒಂದು ತುದಿಯಲ್ಲಿ ಮೂರು ಕಡೆ ಅಂಗೈಯಗಲದ ಜಿಡ್ಡಿನ ಕಲೆ ಕಂಡು ಕೈ ತಡೆಯಿತು. ಎಣ್ಣೆ ಹಚ್ಚಿದ ತಲೆಗಳು ವರ್ಷಗಟ್ಟಲೆ ಒರಗಿದ ಗುರುತು ಅದು. ತಲೆ ಯಾವ ಕಡೆ, ಕಾಲು ಯಾವ ಕಡೆ, ಒಂದು ಕೌದಿಯಲ್ಲಿ ಎಷ್ಟು ಜನ ಮಲಗುತ್ತಿದ್ದರು, ಎಲ್ಲವೂ ಆ ಕಲೆಯಲ್ಲಿತ್ತು.

ನಾನು ಬಾಗಲಕೋಟೆ ಕಡೆಯವಳು, ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು. ಶಾಸನ, ಕಡತಗಳನ್ನು ಓದುವುದು ಗೊತ್ತಿತ್ತು. ಆಯಿ ಹೆಬ್ಬೆಟ್ಟೊತ್ತುವವಳು, ಒಂದಕ್ಷರ ಬರೆದಿಟ್ಟವಳಲ್ಲ. ಅವಳ ಮೈ, ಅವಳ ಮನಸ್ಸು ಹೇಗಿದ್ದವು ಎಂದು ಕೇಳಲು ನನಗೆ ಉಳಿದಿದ್ದು ಈ ಕೌದಿಯೊಂದೇ.

ನೇರ ಬಿಸಿಲು ಬೀಳದ, ಆದರೆ ಹಗಲ ಬೆಳಕಿರುವ ಕಡೆ ನೆಲಕ್ಕೆ ಶುಭ್ರ ಬಟ್ಟೆ ಹಾಸಿ ಅದರ ಮೇಲೆ ಕೌದಿ ಹರಡಿ. ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ, ಪಕ್ಕದಲ್ಲೊಂದು ಅಳತೆಪಟ್ಟಿ ಇರಲಿ. ಆಮೇಲೆ ಹೊಲಿದವಳು ಕೂತಿದ್ದ ಹಾಗೆಯೇ ಅಂಚಿಗೆ ಕೂತುಕೊಳ್ಳಿ. ಸೂಜಿ ಹಿಡಿದಂತೆ ಕೈ ಚಾಚಿ. ಎಲ್ಲಿವರೆಗೆ ನಿಲುಕುತ್ತದೆ, ಎಲ್ಲಿ ಸೊಂಟ ಹಿಡಿಯುತ್ತದೆ ಎಂಬುದು ಕಾಲು ಗಂಟೆಯಲ್ಲಿ ತಿಳಿಯುತ್ತದೆ. ನಮ್ಮ ಕೌದಿಯ ಅಂಚಿನ ಸಾಲುಗಳಲ್ಲಿ ಅಂಗುಲಕ್ಕೆ ನಾಲ್ಕು ಹೊಲಿಗೆ, ಒಂದೇ ಅಳತೆ. ನಡುವಿಗೆ ಬಂದಂತೆ ಹೊಲಿಗೆ ಉದ್ದವಾಗಿ ಓರೆಯಾಗಿವೆ. "ಆಯಿಗೆ ವಯಸ್ಸಾಗಿ ಕೈ ನಡುಗಿದೆ" ಎಂದು ನಾನು ಬರೆದುಕೊಂಡೆ. ತಪ್ಪು. ನಾನೇ ಬಾಗಿ ಕೂತು ನೋಡಿದಾಗ ನನ್ನ ಹೊಲಿಗೆಯೂ ಅಲ್ಲಿಗೆ ಬಂದು ಓರೆಯಾಯಿತು.

ಆಮೇಲೆ ಅರಿವೆ. ಒಂದೊಂದು ತುಂಡೂ ಒಬ್ಬರ ಮೈಮೇಲಿಂದ ಇಳಿದು ಬಂದದ್ದು. ಕೆಂಪು ಬಿಳಿಯ ಟೋಪ್ ತೆನೆ ಎಂಬ ವಿನ್ಯಾಸ ಕಂಡರೆ ಅದು ಇಳಕಲ್ ಸೀರೆಯ ಸೆರಗು. ಒಡಲಿನ ಹಾಸಿಗೂ (ಉದ್ದೆಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿದ ಜಾಗ ಬೆರಳಿಗೆ ಸಿಗುತ್ತದೆ. ಸಣ್ಣ ಬುಟ್ಟಾ, ದಟ್ಟ ನೇಯ್ಗೆ ಇದ್ದರೆ ಗುಳೇದಗುಡ್ಡದ ಖಣ, ಅಂದರೆ ಕುಬಸದ (ರವಿಕೆಯ) ಬಟ್ಟೆ. ಅನುಮಾನವಿದ್ದರೆ ತಾನಾಗಿ ಉದುರಿದ ಎಳೆಯೊಂದನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೌದಿಯಿಂದ ಎಳೆ ಕೀಳುವುದು ಬೇಡ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಆ ತೇಪೆ ಬಹಳ ಈಚಿನದು ಎಂದರ್ಥ.

ಅಲಂಕಾರದ ಅರ್ಥವನ್ನು ಮಾತ್ರ ಊಹಿಸಬೇಡಿ, ಹೊಲಿಯುವವರನ್ನೇ ಕೇಳಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಫೂಲ'ಗಳನ್ನು ಹೊಲಿಯುತ್ತಾರೆ. ನೋಡುವವರಿಗೆ ಅದು ಬರೀ ಅಂದ. ಅವರಿಗೆ ಫೂಲ ಇಲ್ಲದ ಕೌದಿ ಬೆತ್ತಲೆ.

ಬಟ್ಟೆಯಲ್ಲಿ ಭಾವನೆ ಹುಡುಕುವವರೆಲ್ಲ ನೆನೆಯುವ ಉದಾಹರಣೆಯೊಂದು ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯದು. ಹೆಸರಿಗೆ ಆಸ್ಪತ್ರೆ, ನಿಜಕ್ಕೆ ಮಕ್ಕಳ ಆಶ್ರಯಧಾಮ. ಸಾಕಲಾಗದ ತಾಯಂದಿರು 1741ರಿಂದ ಅಲ್ಲಿ ಹಸುಗೂಸುಗಳನ್ನು ಬಿಟ್ಟು ಹೋಗುತ್ತಿದ್ದರು. ಮುಂದೆ ಗುರುತು ಹಿಡಿಯಲೆಂದು ಅಲ್ಲಿನ ಕಚೇರಿಯವರು ದಾಖಲೆ ಹಾಳೆಗೆ ಬಟ್ಟೆಯ ತುಂಡು ಸಿಕ್ಕಿಸುತ್ತಿದ್ದರು. ಅಂಥ ಸುಮಾರು 5000 ತುಂಡುಗಳು ಉಳಿದಿವೆ. ಅವನ್ನು ಕಂಡೊಡನೆ ಎದೆ ತುಂಬುತ್ತದೆ. ಆದರೆ ತುಂಡು ಸಿಕ್ಕಿಸಿದ್ದು ಕಚೇರಿಯ ಪದ್ಧತಿ. ಬರೀ ತುಂಡಿನಿಂದ ತಾಯಿಯ ದುಃಖವನ್ನು ಓದಲಾಗದು. 1767ರಲ್ಲಿ ಬಂದ ಒಂದು ತುಂಡಿನ ಮಾತೇ ಬೇರೆ. ಚೂರು ಬಟ್ಟೆಗಳನ್ನು ಜೋಡಿಸಿ ಹೊಲಿದ ಪಟ್ಟಿ, ಅದರ ಮೇಲೆ ದಾರದಲ್ಲಿ ಹೊಲಿದ ಹೃದಯ, ಅದನ್ನು ಎರಡಾಗಿ ಕತ್ತರಿಸಲಾಗಿದೆ. ಉಳಿದರ್ಧ ತಾಯಿಯ ಬಳಿ. ಸಾರಾ ಬೆಂಡರ್ ಎಂಬ ಆ ತಾಯಿ 1775ರಲ್ಲಿ ಮರಳಿ ಬಂದು ಮಗನನ್ನು ಕರೆದೊಯ್ದಳು. ಇಲ್ಲಿ ಕತ್ತರಿಯ ಗುರುತೂ ಇದೆ, ದಾಖಲೆಯೂ ಇದೆ. ಎರಡೂ ಒಂದೇ ಮಾತು ಹೇಳುವಾಗ ನಾವೂ ಧೈರ್ಯವಾಗಿ ಹೇಳಬಹುದು.

ನಮ್ಮ ಕೌದಿಗೆ ದಾಖಲೆ ಇರಲಿಲ್ಲ, ಆಯಿಯ ಮಗಳಾದ ಅತ್ತಿ ಇದ್ದರು. ಹಿರಿಯರನ್ನು "ಆಗ ನಿಮಗೆ ಏನನ್ನಿಸಿತು" ಎಂದು ಕೇಳಬೇಡಿ. "ಏನನಸ್ತದ, ಏನೂ ಇಲ್ಲ" ಎಂಬ ಉತ್ತರ ಬರುತ್ತದೆ. ಬಟ್ಟೆಯನ್ನು ಅವರ ತೊಡೆಯ ಮೇಲೆ ಹಾಕಿ ಸುಮ್ಮನಿರಿ. ಎಲ್ಲಿ ಕೂತು ಹೊಲಿಯುತ್ತಿದ್ದರು, ಸೂಜಿಗೆ ದಾರ ಯಾರು ಪೋಣಿಸಿಕೊಡುತ್ತಿದ್ದರು, ಅಷ್ಟು ಕೇಳಿ. ಅತ್ತಿಯ ಬೆರಳು ಸವೆದು ಹರಿದ ಒಂದು ಜಾಗದಲ್ಲಿ ನಿಂತಿತು. ಹರುಕಿನೊಳಗೆ, ನಡುಪದರದಲ್ಲಿ, ಹಸಿರು ಖಣದ ಪುಟ್ಟ ತುಂಡು ಕಾಣುತ್ತಿತ್ತು. "ಕುಂಚಗಿ ಅದು, ಕೂಸಿನ ಕುಲಾವಿ, ಯವ್ವಾ. ನನ್ನಕಿಂತ ಮುಂಚೆ ಒಂದು ಕೂಸಿತ್ತು. ಉಳೀಲಿಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ಬೆಳಗ್ಗೆ ಎದ್ದು ಭೂತಗನ್ನಡಿ ಹಿಡಿದು ಕೂತೆ. ಚಿಂದಿಯನ್ನು ಒಳಪದರಕ್ಕೆ ತುಂಬುವುದು ಎಲ್ಲ ಮನೆಯಲ್ಲೂ ಇದ್ದದ್ದೇ, ಇದೂ ಬರೀ ಮಿತವ್ಯಯವಿರಬಹುದಲ್ಲ? ಹರುಕುಗಳಲ್ಲಿ ಕಾಣುವ ಬೇರೆ ಒಳತುಂಡುಗಳ ಅಂಚು ಹರಿದ ಹಾಗೆಯೇ ಇದೆ. ಈ ಒಂದರ ಅಂಚನ್ನು ಮಾತ್ರ ಒಳಮಡಿಸಿ ಸಣ್ಣ ಹೊಲಿಗೆ ಹಾಕಲಾಗಿದೆ. ಯಾರ ಕಣ್ಣಿಗೂ ಬೀಳದ ಕಡೆ ಅಷ್ಟು ಶ್ರಮ.

ಇಂಥದ್ದನ್ನು ಬರೆದಿಡುವಾಗ ಪುಟಕ್ಕೆ ಮೂರು ಕಾಲಂ ಮಾಡಿ: ಕಂಡದ್ದು, ಕೇಳಿದ್ದು, ನನಗನ್ನಿಸಿದ್ದು. ಒಳಮಡಿಸಿದ ಅಂಚು ಮೊದಲನೆಯದರಲ್ಲಿ, ಅತ್ತಿಯ ಮಾತು ಎರಡನೆಯದರಲ್ಲಿ. ಆಯಿ ಆ ಕೂಸನ್ನು ಉಳಿದ ಮಕ್ಕಳ ಜೊತೆಗೇ ಮಲಗಿಸಿದಳು ಎಂಬುದು ಮೂರನೆಯದರಲ್ಲಿ, ಪೆನ್ಸಿಲ್ಲಿನಲ್ಲಿ.

ಕೆಲಸ ಮುಗಿದ ಮೇಲೆ ಮಡಿಸಬೇಡಿ, ಮಡಿಕೆಯಲ್ಲೇ ಬಟ್ಟೆ ಸೀಳುತ್ತದೆ. ದಪ್ಪ ಕೊಳವೆಗೆ ಒಗೆದ ಬಿಳಿ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಕೌದಿಯನ್ನು ಸಡಿಲವಾಗಿ ಸುತ್ತಿ, ಗಾಳಿಯಾಡುವ ಒಣ ಜಾಗದಲ್ಲಿಡಿ. ವರ್ಷಕ್ಕೆರಡು ಸಲ ಬಿಚ್ಚಿ ಹುಳ ಬಿದ್ದಿದೆಯೇ ನೋಡಿ. ನಮ್ಮದನ್ನೂ ಹಾಗೆಯೇ ಇಟ್ಟಿದ್ದೇವೆ. ಆ ಹರುಕಿಗೆ ತೇಪೆ ಹಾಕಿಲ್ಲ.