ಹೌಸಿಂಗ್ ಸೊಸೈಟಿ ಕಾಂಪೌಂಡಿನ ಮರ ಉಳಿಸುವುದು, ಹೊಸದು ಬೆಳೆಸುವುದು ಹೇಗೆ

ಮುಂಬೈಯ ಕಾಡು ಅಂದರೆ ಬೊರಿವಲಿಯ ನ್ಯಾಷನಲ್ ಪಾರ್ಕ್, ಇಲ್ಲವೇ ಆರೆ ಅಂತ ನಾವೆಲ್ಲ ಹೇಳುತ್ತೇವೆ. ಆದರೆ ಪಾಲಿಕೆ 2018ರಲ್ಲಿ ಮುಗಿಸಿದ ಗಣತಿ ನೋಡಿ. ಲೆಕ್ಕಕ್ಕೆ ಸಿಕ್ಕ ಸುಮಾರು 29.75 ಲಕ್ಷ ಮರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಖಾಸಗಿ ಜಾಗದಲ್ಲಿ. ರಸ್ತೆ ಬದಿಯವು ಎರಡು ಲಕ್ಷವೂ ಇಲ್ಲ. ಅಂದರೆ ಈ ಊರಿನ ನೆರಳು ಎಷ್ಟು ಉಳಿಯುತ್ತದೆ ಎನ್ನುವುದು ಬಹುಪಾಲು ನಮ್ಮ ನಿಮ್ಮ ಸೊಸೈಟಿ ಮೀಟಿಂಗಿನಲ್ಲೇ ತೀರ್ಮಾನವಾಗುತ್ತದೆ.

ಹೊಸ ಗಿಡ ತರುವ ಮೊದಲು ಇರುವ ಮರದ ಬುಡ ನೋಡಿ. ಮಾಟುಂಗಾದ ನಮ್ಮ ಕಟ್ಟಡದ ಗೇಟಿನ ಪಕ್ಕ ಒಂದು ರೆಂಜೆ ಮರ ಇದೆ. ಊರಲ್ಲಿ ಅಜ್ಜಿ ಬಾಳೆನಾರಿನಲ್ಲಿ ಪೋಣಿಸುತ್ತಿದ್ದ ಅದೇ ಹೂವು, ಇಲ್ಲಿಯವರು ಬಕುಳ ಅನ್ನುತ್ತಾರೆ. ಕಾಂಪೌಂಡಿಗೆ ಹೊಸ ನೆಲ ಹಾಕಿಸಿದಾಗ ಕೆಲಸದವರು ಕಾಂಡದವರೆಗೂ ಸಿಮೆಂಟ್ ತುಂಬಿಬಿಟ್ಟರು, ನಾವೂ ಗಮನಿಸಲಿಲ್ಲ. ಎರಡು ವರ್ಷದಲ್ಲಿ ಎಲೆ ಸಣ್ಣದಾಯಿತು, ತುದಿಯ ಕೊಂಬೆ ಒಣಗಿತು. ಕೊನೆಗೆ ಸಿಮೆಂಟ್ ಒಡೆಸಿದಾಗ ಕೆಳಗಿನ ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು, ತೊಗಟೆಯ ಸುತ್ತ ಬಳೆ ಬಿಗಿದ ಹಾಗೆ ಒಂದು ಗುರುತು.

ಒಡೆಯುವುದಕ್ಕೆ ಉಳಿ, ಸುತ್ತಿಗೆ ಸಾಕು, ಮೆಷಿನ್ ಬೇಡ. ಮೆಷಿನ್ ಬೇರನ್ನೂ ಸೀಳುತ್ತದೆ. ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಬಿಡಿಸಿ. ದೆಹಲಿಯ ಮರಗಳ ವಿಚಾರದಲ್ಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದ ಅಳತೆ ಅದು. ಆಮೇಲೆ ಮಣ್ಣನ್ನು ಕೈಗುದ್ದಲಿಯಿಂದ ಮೇಲೆ ಮೇಲೆ ಸಡಿಲ ಮಾಡಿ, ವಾಚ್‌ಮನ್ ಗುಡಿಸಿ ಸುಡುವ ಒಣ ಎಲೆಯನ್ನೇ ಹರಡಿ, ಆದರೆ ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಬೇಡಿ, ತೊಗಟೆ ಕೊಳೆಯುತ್ತದೆ. ಬೋರ್ಡಿನ ಮೊಳೆ, ಬಿಗಿದು ಸುತ್ತಿದ ಲೈಟಿನ ಸರ ಎಲ್ಲ ತೆಗೆಯಿರಿ.

ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವ ಕೆಲಸ ಬರುತ್ತದೆ ಅಲ್ವಾ? ಸುಮ್ನೆ ಯಾರನ್ನೋ ಕರೆದು ಕಡಿಸಬೇಡಿ. ಮಹಾರಾಷ್ಟ್ರದ 1975ರ ಮರ ಸಂರಕ್ಷಣೆ ಕಾಯ್ದೆ ಖಾಸಗಿ ಜಾಗಕ್ಕೂ ಅನ್ವಯಿಸುತ್ತದೆ, ಮರಕ್ಕೆ ಹಾನಿ ಮಾಡಿದರೂ ಕಡಿದ ಹಾಗೆಯೇ. ವಾರ್ಡ್ ಆಫೀಸಿನ ಗಾರ್ಡನ್ ವಿಭಾಗಕ್ಕೆ ಫೋಟೋ ಸಮೇತ ಅರ್ಜಿ ಕೊಡಿ, ಅನುಮತಿ ಬಂದ ಮೇಲೆ ಕೆಲಸದ ದಿನ ಒಬ್ಬರಾದರೂ ಕೆಳಗೆ ನಿಂತು ನೋಡಿ. ಕಿಟಕಿಗೆ ತಾಗುತ್ತದೆ ಅಂತ ಒಂದೇ ಬದಿ ಕಡಿದರೆ ಮರದ ಭಾರ ವಾಲುತ್ತದೆ, ಜುಲೈ ಗಾಳಿಗೆ ಬೀಳುವುದು ಇಂಥವೇ. ದೊಡ್ಡ ಕೊಂಬೆಗೆ ಮೊದಲು ಕೆಳಗಿನಿಂದ ಅರೆ ಗರಗಸ ಹಾಕಿಸಿ, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ಮರವನ್ನೇ ತೆಗೆಯಬೇಕು ಅಂತ ಯಾರಾದರೂ ಹಟ ಹಿಡಿದರೆ, ಅದೇ ಕಾಯ್ದೆಯ 2021ರ ತಿದ್ದುಪಡಿ ಓದಿ ಹೇಳಿ. 50 ವರ್ಷ ದಾಟಿದ್ದು ಪಾರಂಪರಿಕ ಮರ. ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಗಿಡ ನೆಡಬೇಕು.

ಇನ್ನು ಹೊಸ ಗಿಡ. ಬೇಗ ಬೆಳೆಯುತ್ತದೆ ಅಂತ ಗುಲ್‌ಮೊಹರ್ ಬೇಡ, ಅದರ ಕೊಂಬೆ ಬೇಗ ಮುರಿಯುತ್ತದೆ. ಹೊಂಗೆ, ಸುರಹೊನ್ನೆ, ರೆಂಜೆ, ಹೊಳೆದಾಸವಾಳ, ಇವು ಈ ಕರಾವಳಿಗೆ ಒಗ್ಗಿದವು. ಗಿಡಗಳನ್ನು ಒತ್ತೊತ್ತಾಗಿ ನೆಟ್ಟು ಬೆಳೆಸುವ ಮಿಯಾವಾಕಿ ತೋಪು ಮೂಲೆಯ ಖಾಲಿ ಜಾಗಕ್ಕೆ ಸರಿ, ನಡೆಯುವ ದಾರಿಗೆ ನೆರಳು ಕೊಡುವುದಕ್ಕೆ ಬಿಡಿ ಮರಗಳೇ ಬೇಕು. ಮೂರಡಿ ಗುಂಡಿ ತೋಡಿ, ಜೂನ್‌ನಲ್ಲಿ ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ ಆಳೆತ್ತರದ ಗಿಡ ನೆಡಿ, ಬಿದಿರಿನ ಕೋಲಿಗೆ ಸೆಣಬಿನ ಹುರಿಯಿಂದ ಸಡಿಲವಾಗಿ ಕಟ್ಟಿ.

ಇಲ್ಲಿವರೆಗೂ ಎಲ್ಲರೂ ಉತ್ಸಾಹದಿಂದ ಮಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಗಿಡ ಸಾಯುವುದು ಆಮೇಲೆ. ಮಳೆ ನಿಂತ ಅಕ್ಟೋಬರಿನಿಂದ ಮೇ ವರೆಗೆ, ಮೂರು ವರ್ಷ, ವಾರಕ್ಕೆ ಎರಡು ಸಲ ಎರಡೆರಡು ಬಕೆಟ್ ನೀರು ಪಾತಿ ತುಂಬ ನಿಧಾನವಾಗಿ ಹಾಕಬೇಕು. ಯಾರು ಹಾಕುತ್ತಾರೆ ಅಂತ ಹೆಸರು ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ. ಪ್ರತಿ ವರ್ಷ ಹುರಿ ಬಿಚ್ಚಿ ಮತ್ತೆ ಸಡಿಲ ಕಟ್ಟಿ, ಕಬ್ಬಿಣದ ಗಾರ್ಡ್ ಇದ್ದರೆ ಕಾಂಡ ಅದಕ್ಕೆ ತಾಗುವ ಮೊದಲೇ ತೆಗೆಸಿ.